ಚಳಿಗಾಲದ ಹೊಸ್ತಿಲಲ್ಲಿ ಕಡಸುಗಳ ಹಾಲು ಬಿಡಿಸುವುದು, ಜಾಗ ಬದಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನೆಬ್ರಾಸ್ಕಾ ರಾಜ್ಯದಲ್ಲಿ ಸ್ಯಾಂಡ್‌ಹಿಲ್ಸ್ ಎಂಬ ಸೀಮೆಯಿದೆ. ಸುಮಾರು 50,000 ಚದರ ಕಿಲೋಮೀಟರ್ ಉದ್ದಗಲಕ್ಕೆ ಹುಲ್ಲು ಹೊದ್ದ ಮರಳುದಿಬ್ಬಗಳೇ ಹರಡಿರುವ ಈ ನೆಲದಲ್ಲಿ ಬೇಸಾಯಕ್ಕಿಂತ ದನ ಸಾಕಣೆಯೇ ದೊಡ್ಡ ಕಸುಬು. ನಮ್ಮ ಊರುಗಳಿಂದ ಪಶುವೈದ್ಯಕೀಯ ಓದಿ ಅಲ್ಲಿಗೆ ಕೆಲಸಕ್ಕೋ ತರಬೇತಿಗೋ ಹೋಗುವವರು ಮತ್ತು ಹೋಗಿಬಂದವರ ಮಾತು ಕೇಳಿ ಕುತೂಹಲಗೊಂಡವರು ನನ್ನನ್ನು ಕೇಳುತ್ತ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಆ ಸೀಮೆಯ ರ‍್ಯಾಂಚ್ (ವಿಶಾಲ ಹುಲ್ಲುಗಾವಲಿನಲ್ಲಿ ದನ ಸಾಕುವ ಜಾಗ) ಒಂದರಲ್ಲಿ ಹಲವು ಚಳಿಗಾಲ ಕಳೆದವನಾಗಿ, ಕಣ್ಣಾರೆ ಕಂಡು ಕೈಯಾರೆ ಮಾಡಿದ ಕೆಲಸವನ್ನೇ ಮುಖ್ಯವಾಗಿ ಇಟ್ಟುಕೊಂಡಿದ್ದೇನೆ.

ಮಂದೆಗೆ ಉಳಿಸಿಕೊಳ್ಳುವ ಕಡಸು ಎಂದರೆ ಯಾವುದು? ಅದಕ್ಕೆ ಇಷ್ಟೊಂದು ಮಹತ್ವ ಏಕೆ?

ಇನ್ನೂ ಈಯದ ಹೆಣ್ಣು ದನವನ್ನು ನಾವು ಕಡಸು ಎನ್ನುತ್ತೇವೆ, ಕೆಲವು ಕಡೆ ಮಣಕ ಎಂದೂ ಕರೆಯುತ್ತಾರೆ. ರ‍್ಯಾಂಚಿನ ಮಂದೆಯಿಂದ ಪ್ರತಿ ವರ್ಷ ಸಾಮಾನ್ಯವಾಗಿ ನೂರಕ್ಕೆ 15ರಿಂದ 20 ಹಸುಗಳು ಹೊರಗೆ ಹೋಗುತ್ತವೆ. ಕೆಲವು ಗಬ್ಬ ಕಟ್ಟಿರುವುದಿಲ್ಲ, ಕೆಲವಕ್ಕೆ ಹಲ್ಲು ಸವೆದಿರುತ್ತದೆ, ಕೆಲವಕ್ಕೆ ಕೆಚ್ಚಲು ಕೆಟ್ಟಿರುತ್ತದೆ. ಆ ಜಾಗ ತುಂಬಲೆಂದು ಆ ವರ್ಷದ ಹೆಣ್ಣುಗರುಗಳಲ್ಲಿ ಕೆಲವನ್ನು ಆರಿಸಿ ಉಳಿಸಿಕೊಳ್ಳುತ್ತಾರೆ, ಉಳಿದವುಗಳನ್ನು ಗಂಡುಗರುಗಳ ಜೊತೆಗೆ ಮಾರುತ್ತಾರೆ. ಮಾರಿದ ಕರು ಒಂದು ವರ್ಷದ ಲೆಕ್ಕ. ಉಳಿಸಿಕೊಂಡ ಕಡಸು ಮುಂದಿನ ಹತ್ತು ವರ್ಷದ ಲೆಕ್ಕ. ಈ ನವೆಂಬರಿನಲ್ಲಿ ಹಾಲು ಬಿಟ್ಟ ಕಡಸು ಮುಂದಿನ ಬೇಸಿಗೆಯಲ್ಲಿ, 14–15 ತಿಂಗಳಿಗೆ ಹೋರಿಗೆ ಕೂಡಿ, ಎರಡು ವರ್ಷಕ್ಕೆ ಈಯಬೇಕು. ಅದು ಹಲವು ಕರುಗಳನ್ನು ಹಾಕಿದ ಮೇಲೆಯೇ ಅದರ ಮೇಲೆ ಹಾಕಿದ ಖರ್ಚು ಹುಟ್ಟುತ್ತದೆ. ಹಾಲು ಬಿಡಿಸುವ ವಾರದಲ್ಲಿ ಅದರ ಶ್ವಾಸಕೋಶಕ್ಕೆ ಪೆಟ್ಟು ಬಿದ್ದರೆ, ಆ ನಷ್ಟ ಆ ವಾರಕ್ಕೆ ಮುಗಿಯುವುದಿಲ್ಲ.

ಕರುವನ್ನು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬೇರೆ ಮಾಡುವುದಿಲ್ಲವೇ?

ಅದು ಹೈನುಗಾರಿಕೆಯ ಪದ್ಧತಿ. ಇಲ್ಲಿನ ಮಂದೆಗಳನ್ನು ಮಾಂಸಕ್ಕಾಗಿ ಸಾಕುತ್ತಾರೆ, ಹೆಚ್ಚಿನವು ಆಂಗಸ್ ತಳಿ ಅಥವಾ ಅದರ ಮಿಶ್ರತಳಿಗಳು. ಈ ಹಸುಗಳ ಹಾಲನ್ನು ಯಾರೂ ಕರೆಯುವುದಿಲ್ಲ. ಆರೇಳು ತಿಂಗಳು ಅಷ್ಟೂ ಹಾಲು ಕರುವಿಗೇ ಮೀಸಲು. ಕರುಗಳ ತೂಕವನ್ನು ಹೋಲಿಸುವಾಗ 205 ದಿನದ ಪ್ರಾಯವನ್ನು ಅಳತೆಗೋಲಾಗಿ ಹಿಡಿಯುವುದು ವಾಡಿಕೆ. ಏಪ್ರಿಲ್ ತಿಂಗಳಲ್ಲಿ ಹುಟ್ಟಿದ ಕಡಸು ನವೆಂಬರ್ ಹೊತ್ತಿಗೆ ಸುಮಾರು 225ರಿಂದ 250 ಕಿಲೋ ತೂಗುತ್ತದೆ.

ಚಳಿಗಾಲದ ಆರಂಭದಲ್ಲೇ ಏಕೆ? ಇನ್ನೂ ಒಂದೆರಡು ತಿಂಗಳು ತಾಯಿಯ ಜೊತೆಗೇ ಬಿಡಬಾರದೇ?

ಇದು ತಾಯಿಯ ಲೆಕ್ಕ. ಬೇಸಿಗೆಯ ಹಸಿರು ಹುಲ್ಲು ಒಣಗಿ ಬಣ್ಣಗೆಟ್ಟ ಮೇಲೆ ಅದರಲ್ಲಿನ ಪ್ರೋಟೀನ್ ನೂರಕ್ಕೆ ಐದಾರು ಪಾಲಿನ ಆಸುಪಾಸಿಗೆ ಇಳಿಯುತ್ತದೆ. ಅಷ್ಟರಲ್ಲಿ ಹಸು ನಾಲ್ಕೈದು ತಿಂಗಳ ಗಬ್ಬವೂ ಆಗಿರುತ್ತದೆ. ಹೊಟ್ಟೆಯಲ್ಲೊಂದು ಕರು, ಕೆಚ್ಚಲಿಗೊಂದು ಕರು, ಮೇಯಲು ಸತ್ವವಿಲ್ಲದ ಹುಲ್ಲು ಎಂದಾದರೆ ಅದು ತನ್ನ ಮೈಯನ್ನೇ ಕರಗಿಸಿ ಹಾಲು ಕೊಡುತ್ತದೆ. ಬೆನ್ನುಮೂಳೆ ಎದ್ದು ಕಾಣುವಷ್ಟು ಬಡಕಲಾದ ಹಸುವನ್ನು ಜನವರಿಯ ಹಿಮದಲ್ಲಿ ಮತ್ತೆ ಮೈದುಂಬಿಸುವುದು ಬಲು ದುಬಾರಿ, ಎಷ್ಟೋ ಸಲ ಆಗದ ಕೆಲಸ. ಹಾಲು ಬತ್ತಿದ ಹಸುವಾದರೆ ಅದೇ ಒಣಹುಲ್ಲಿನ ಮೇಲೆ, ವಾರಕ್ಕೆ ಎರಡು ಮೂರು ಸಲ ಸ್ವಲ್ಪ ಹಿಂಡಿ ಸಿಕ್ಕರೂ ಚಳಿಗಾಲ ದಾಟುತ್ತದೆ. ಮೇ–ಜೂನ್ ತಿಂಗಳಲ್ಲಿ ಈಯಿಸುವ ರ‍್ಯಾಂಚುಗಳೂ ಸ್ಯಾಂಡ್‌ಹಿಲ್ಸ್‌ನಲ್ಲಿವೆ. ಅಲ್ಲಿ ಹಾಲು ಬಿಡಿಸುವುದು ಡಿಸೆಂಬರಿಗೂ ಆಚೆಗೂ ಹೋಗುತ್ತದೆ.

ಯಾವ ಕಡಸುಗಳನ್ನು ಉಳಿಸಿಕೊಳ್ಳಬೇಕು?

ಮೊದಲು ಹುಟ್ಟಿದ ದಿನ ನೋಡಿ, ಆಮೇಲೆ ರೂಪ ನೋಡಿ. ಈಯುವ ಕಾಲದ ಮೊದಲ 21 ದಿನಗಳಲ್ಲಿ ಹುಟ್ಟಿದ ಕಡಸು ವಯಸ್ಸಿನಲ್ಲೂ ತೂಕದಲ್ಲೂ ಮುಂದಿದ್ದು, ಹೋರಿ ಬಿಡುವ ಹೊತ್ತಿಗೆ ಬೆದೆಗೆ ಬಂದಿರುವ ಸಾಧ್ಯತೆ ಹೆಚ್ಚು. ತಾನೂ ಮೊದಲ ಸುತ್ತಿನಲ್ಲೇ ಈಯುವ ಕಡಸು ಮಂದೆಯಲ್ಲಿ ಹೆಚ್ಚು ವರ್ಷ ಉಳಿಯುತ್ತದೆ. ಗಂಡುಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರುವನ್ನು, ಅದು ಎಷ್ಟೇ ಚೆಂದವಿರಲಿ, ಬಿಟ್ಟುಬಿಡಿ. ಅಂಥವುಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಗೊಡ್ಡು. ತಾಯಿಯ ಕೆಚ್ಚಲು ಮತ್ತು ಗೊರಸು ಹೇಗಿವೆ ಎಂಬುದನ್ನು ಮಗಳ ಮೈಬಣ್ಣಕ್ಕಿಂತ ಹೆಚ್ಚು ಗಮನಿಸಿ. ದೊಡ್ಡಿಗೆ ಕಾಲಿಟ್ಟವರನ್ನು ಕಂಡ ಕೂಡಲೇ ಬೇಲಿಗೆ ಹಾಯುವ ಕಡಸು ತನ್ನ ಭಯವನ್ನು ಇಡೀ ಗುಂಪಿಗೆ ಹಚ್ಚುತ್ತದೆ, ಅದನ್ನೂ ಉಳಿಸಿಕೊಳ್ಳಬಾರದು. ಬೇಕಾದದ್ದಕ್ಕಿಂತ ಕೆಲವು ಹೆಚ್ಚೇ ಇಟ್ಟುಕೊಳ್ಳಿ, ಏಕೆಂದರೆ ಎಲ್ಲವೂ ಗಬ್ಬ ಕಟ್ಟುವುದಿಲ್ಲ.

ಹಾಲು ಬಿಡಿಸುವುದಕ್ಕೆ ಮೊದಲು ಜಾಗ ಬದಲಿಸಬೇಕೇ, ಆಮೇಲೆ ಬದಲಿಸಬೇಕೇ?

ನನ್ನನ್ನು ಕೇಳಿದರೆ ಇಡೀ ಕೆಲಸದ ತಿರುಳು ಈ ಪ್ರಶ್ನೆಯಲ್ಲಿದೆ. ಹಾಲು ಬಿಡುವ ದಿನ ಕರು ಕಳೆದುಕೊಳ್ಳುವುದು ಹಾಲೊಂದನ್ನೇ ಅಲ್ಲ. ತಾಯಿ ಹೋಗುತ್ತದೆ, ಮೇದು ಬೆಳೆದ ಹುಲ್ಲುಗಾವಲು ಹೋಗುತ್ತದೆ, ಕುಡಿದು ರೂಢಿಯಾದ ನೀರು ಹೋಗುತ್ತದೆ, ಮುಂದೆ ಕಂಡರಿಯದ ಗೋದಲಿ ಬರುತ್ತದೆ, ಅದರ ಮೇಲೆ ಸೂಜಿ ಚುಚ್ಚುತ್ತಾರೆ, ಲಾರಿ ಹತ್ತಿಸುತ್ತಾರೆ. ಇವುಗಳಲ್ಲಿ ಯಾವುದೇ ಒಂದನ್ನು ಆರೋಗ್ಯವಂತ ಕರು ತಡೆದುಕೊಳ್ಳುತ್ತದೆ. ಎಲ್ಲವೂ ಒಂದೇ ದಿನ ಮೇಲೆ ಬಿದ್ದರೆ ಅದರ ರೋಗನಿರೋಧಕ ಶಕ್ತಿ ಕುಸಿಯುತ್ತದೆ, ವಾರದೊಳಗೆ ಕೆಮ್ಮು ಕೇಳಿಸುತ್ತದೆ.

ಆದ್ದರಿಂದ ತಾಯಿ–ಕರುಗಳನ್ನು ಒಟ್ಟಿಗೇ, ಎರಡು ಮೂರು ವಾರ ಮೊದಲೇ, ಹಾಲು ಬಿಡಿಸಲಿರುವ ಹುಲ್ಲುಗಾವಲಿಗೆ ಹೊಡೆದುಕೊಂಡು ಬನ್ನಿ. ನೀರು ಎಲ್ಲಿದೆ, ಗಾಳಿಗೆ ಮರೆ ಎಲ್ಲಿದೆ, ಬೇಲಿ ಎಲ್ಲಿ ಮುಗಿಯುತ್ತದೆ ಎಂಬುದನ್ನೆಲ್ಲ ಕರು ತಾಯಿಯ ಹಿಂದೆ ಓಡಾಡುತ್ತಲೇ ಕಲಿಯಲಿ. ಗೊತ್ತುಮಾಡಿದ ದಿನ ಬಂದಾಗ ಕರುವನ್ನು ಅಲ್ಲೇ ಬಿಟ್ಟು, ತಾಯಿಯನ್ನು ಬೇಲಿಯ ಆಚೆಗೆ ದಾಟಿಸಿ. ಎಷ್ಟೋ ಕಡೆ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ: ಹಸುಗಳನ್ನು ಹುಲ್ಲುಗಾವಲಿನಲ್ಲಿ ಬಿಟ್ಟು ಕರುಗಳನ್ನು ಹೊಸ ದೊಡ್ಡಿಗೆ ತುಂಬುತ್ತಾರೆ. ಮನುಷ್ಯನಿಗೆ ಅದು ಸುಲಭ, ಕರುವಿಗೆ ಕಷ್ಟ.

ನಡೆಸಿಕೊಂಡು ಹೋಗುವಾಗ ಏನನ್ನು ಗಮನಿಸಬೇಕು?

ನಡಿಗೆಯ ವೇಗವನ್ನು ತೀರ್ಮಾನಿಸಬೇಕಾದದ್ದು ಗುಂಪಿನ ಅತ್ಯಂತ ನಿಧಾನದ ಕರು. ದನಕ್ಕೆ ತನ್ನ ಸುತ್ತ ಒಂದು ಅಂತರವಿರುತ್ತದೆ. ಅದರೊಳಕ್ಕೆ ಕಾಲಿಟ್ಟರೆ ದನ ಸರಿಯುತ್ತದೆ, ಹಿಂದೆ ಸರಿದರೆ ನಿಲ್ಲುತ್ತದೆ. ಅದರ ಭುಜದ ನೇರಕ್ಕಿಂತ ಹಿಂದೆ ನೀವು ನಿಂತರೆ ಅದು ಮುಂದಕ್ಕೆ ನಡೆಯುತ್ತದೆ, ಮುಂದೆ ನಿಂತರೆ ಹಿಂದಕ್ಕೆ ತಿರುಗುತ್ತದೆ. ಇದಿಷ್ಟು ತಿಳಿದವನಿಗೆ ಕೂಗಾಟ ಬೇಡ, ಕೋಲು ಬೇಡ, ವಿದ್ಯುತ್ ಶಾಕ್ ಕೊಡುವ ದೊಣ್ಣೆಯಂತೂ ಬೇಡವೇ ಬೇಡ. ದನಗಳ ವರ್ತನೆಯನ್ನು ಜೀವಮಾನವಿಡೀ ಅಧ್ಯಯನ ಮಾಡಿದ ಟೆಂಪಲ್ ಗ್ರ್ಯಾಂಡಿನ್ ಇದನ್ನೇ ಅಮೆರಿಕದುದ್ದಕ್ಕೂ ಕಲಿಸುತ್ತ ಬಂದರು. ನಮ್ಮ ಹಳೆಯ ದನಗಾಹಿಗಳಿಗೂ ಇದು ಅಭ್ಯಾಸದಿಂದ ಗೊತ್ತಿತ್ತೆಂದೇ ನನ್ನ ಎಣಿಕೆ. ಎತ್ತನ್ನು ಬಯಲಿಗೆ ಅಟ್ಟುವಾಗ ನನ್ನ ಅಜ್ಜ ಎಲ್ಲಿ ನಿಲ್ಲುತ್ತಿದ್ದರು ಎಂಬುದು ನನಗೆ ನೆಬ್ರಾಸ್ಕಾದಲ್ಲಿ ನಿಂತಾಗ ಅರ್ಥವಾಯಿತು.

ಬೆಳಗಿನ ಹಿಮಗಟ್ಟಿದ ನೆಲದ ಮೇಲೆ ಹೊರಡುವ ಅವಸರ ಬೇಡ. ಬಿಸಿಲೇರಿ ನೆಲ ಸಡಿಲವಾದ ಮೇಲೆ ಹೊರಟರೆ ಕಾಲು ಜಾರುವುದಿಲ್ಲ. ಹಳ್ಳದ ಮೇಲಿನ ಮಂಜುಗಡ್ಡೆಯನ್ನು ಎಂದೂ ನಂಬಬೇಡಿ. ತಲುಪಿದ ಮೇಲೆ ಪ್ರತಿ ಹಸುವಿಗೂ ತನ್ನ ಕರು ಸಿಕ್ಕಿತೇ ಎಂದು ಗೊತ್ತಾಗುವವರೆಗೆ ಅಲ್ಲೇ ನಿಲ್ಲಿ. ಸಿಗದ ಕರು ರಾತ್ರಿ ಬೇಲಿ ನುಸುಳಿ ಹೊರಟ ಜಾಗಕ್ಕೇ ವಾಪಸು ಓಡುತ್ತದೆ.

ಲಾರಿಯಲ್ಲಿ ಸಾಗಿಸುವುದು ಅನಿವಾರ್ಯವಾದರೆ?

ಸಾಗಿಸಬಹುದು. ಆದರೆ ಹಾಲು ಬಿಡಿಸುವ ದಿನದಂದು ಬೇಡ. ಲಾರಿಯ ನೆಲಕ್ಕೆ ಹುಲ್ಲೋ ಮರದ ಹೊಟ್ಟೋ ಹಾಸಿರಲಿ, ಒದ್ದೆ ಮೈಯ ಕರುಗಳನ್ನು ಹೆದ್ದಾರಿಯ ಗಾಳಿಗೆ ಒಡ್ಡಬೇಡಿ, ಇಳಿದ ಕೂಡಲೇ ನೀರು ಮತ್ತು ಒಣಹುಲ್ಲು ಕಣ್ಣೆದುರಿಗಿರಲಿ.

ಬೇಲಿಯ ಎರಡು ಬದಿಗೆ ತಾಯಿ–ಕರು ನಿಲ್ಲಿಸುವ ಪದ್ಧತಿಯಿಂದ ನಿಜವಾಗಿ ಪ್ರಯೋಜನವಿದೆಯೇ?

ಇದೆ. ಡೇವಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಲಿಯಾಚೆಗೆ ತಾಯಿ ಕಾಣುವಂತೆ ಬಿಟ್ಟ ಕರುಗಳು ಪೂರ್ತಿ ದೂರ ಮಾಡಿದವುಗಳಿಗಿಂತ ಕಡಿಮೆ ಕೂಗಿದವು, ಹೆಚ್ಚು ಮೇದವು ಮತ್ತು ಹೆಚ್ಚು ತೂಕ ಏರಿಸಿಕೊಂಡವು. ತೂಕದ ಆ ವ್ಯತ್ಯಾಸ ಹತ್ತು ವಾರ ಕಳೆದರೂ ಉಳಿದಿತ್ತು.

ಅಂಕಿಗಿಂತ ಕಣ್ಣಿಗೆ ಕಂಡದ್ದನ್ನು ಹೇಳುವುದಾದರೆ, ಮೊದಲ ದಿನ ಸಂಜೆ ಬೇಲಿಯುದ್ದಕ್ಕೂ ಹಸುಗಳ ಉಸಿರು ಬಿಳಿಯ ಆವಿಯಾಗಿ ಏಳುತ್ತಿರುತ್ತದೆ. ಕರು ತಂತಿಯ ನಡುವೆ ಮೂಗು ತೂರಿಸುತ್ತದೆ, ತಾಯಿ ಅದರ ಹಣೆಯನ್ನು ನೆಕ್ಕುತ್ತದೆ. ಕೆಚ್ಚಲು ಮಾತ್ರ ಸಿಗುವುದಿಲ್ಲ. ಎರಡನೆಯ ರಾತ್ರಿ ಅವು ಬೇಲಿಯ ಎರಡೂ ಬದಿಗೆ ಎದುರುಬದುರಾಗಿ ಮಲಗಿರುತ್ತವೆ. ಮೂರನೆಯ ದಿನ ಕೆಲವು ಹಸುಗಳು ಬೇಲಿಗೆ ಬೆನ್ನು ಮಾಡಿ ಮೇಯಲು ಹೊರಡುತ್ತವೆ. ಐದನೆಯ ದಿನ ಬೇಲಿಯ ಬಳಿ ಉಳಿಯುವುದು ಎರಡೋ ಮೂರೋ ಜೋಡಿ. ತಾಯಿಯನ್ನು ನಾವು ದೂರ ಒಯ್ಯಬೇಕಾಗುವುದೇ ಇಲ್ಲ, ಅದೇ ತಾನಾಗಿ ದೂರ ಹೋಗುತ್ತದೆ; ಕರುವಿಗೂ ಅದನ್ನು ಒಪ್ಪಿಕೊಳ್ಳಲು ಸಮಯ ಸಿಕ್ಕಿರುತ್ತದೆ.

ಇಷ್ಟಕ್ಕೆಲ್ಲ ಬೇಲಿ ಗಟ್ಟಿಯಿರಬೇಕು. ಕರು ತಲೆ ತೂರಿಸಿ ಮೊಲೆಗೆ ಬಾಯಿ ಹಾಕುವಷ್ಟು ಸಂದಿದ್ದರೆ ಕೆಲಸ ಕೆಟ್ಟಿತು. ಹೆಣೆದ ತಂತಿಯ ಬೇಲಿ ಒಳ್ಳೆಯದು. ಮುಳ್ಳುತಂತಿಯಾದರೆ ಐದೆಳೆ ಬಿಗಿದು, ಜೊತೆಗೆ ವಿದ್ಯುತ್ ತಂತಿಯೊಂದನ್ನು ಎಳೆದಿರಬೇಕು. ಒಂದು ಸಲ ಬೇಲಿ ನುಸುಳಿ ಹಾಲು ಕುಡಿದ ಕರು ಅದನ್ನು ಮರೆಯುವುದಿಲ್ಲ.

ಮೂಗಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಪಟ್ಟಿ ಹೇಗೆ?

ಕರುವಿನ ಬಾಯಿಗೆ ಕುಕ್ಕೆ ಕಟ್ಟಿ ಮೊಲೆ ಬಿಡಿಸುವುದನ್ನು ಕಂಡವರಿಗೆ ಇದು ಹೊಸತಲ್ಲ. ನಾಲ್ಕರಿಂದ ಏಳು ದಿನ ಈ ಪಟ್ಟಿ ಮೂಗಿನಲ್ಲಿದ್ದರೆ ಕರು ಮೇಯಬಲ್ಲದು, ನೀರು ಕುಡಿಯಬಲ್ಲದು, ತಾಯಿಯ ಪಕ್ಕದಲ್ಲೇ ಇರಬಲ್ಲದು. ಮೊಲೆ ಮಾತ್ರ ಬಾಯಿಗೆ ಸಿಗದು. ಹಾಲು ಮರೆತ ಮೇಲೆ ತಾಯಿಯಿಂದ ಬೇರ್ಪಡಿಸಿದಾಗ ಕೂಗಾಟ ಬಹಳ ಕಡಿಮೆ. ಹೀಗೆ ಎರಡು ಹಂತದಲ್ಲಿ ಬಿಡಿಸುವ ವಿಧಾನವನ್ನು ಕೆನಡಾದ ಸಸ್ಕ್ಯಾಚುವಾನ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳೆಸಿದರು. ಇದರ ತೊಡಕೆಂದರೆ ಪಟ್ಟಿ ಹಾಕಲು ಒಮ್ಮೆ, ತೆಗೆಯಲು ಒಮ್ಮೆ ಕರುಗಳನ್ನು ಅಲುಗದಂತೆ ಹಿಡಿದು ನಿಲ್ಲಿಸುವ ಕಟಕಟೆಗೆ ತರಬೇಕು. ಒಳ್ಳೆಯ ಬೇಲಿಯಿದ್ದರೆ ನನ್ನ ಆಯ್ಕೆ ಬೇಲಿಯೇ.

ಎಷ್ಟು ದಿನ ಕೂಗುತ್ತವೆ? ಇದು ಕ್ರೌರ್ಯವಲ್ಲವೇ?

ಮೂರರಿಂದ ನಾಲ್ಕು ದಿನ. ಮೊದಲ ಎರಡು ರಾತ್ರಿ ಮನೆಯೊಳಗೆ ಮಲಗಿದವರಿಗೂ ನಿದ್ದೆ ಬರುವುದಿಲ್ಲ. ಬೇರ್ಪಡಿಸುವುದರಲ್ಲಿ ನೋವಿಲ್ಲ ಎಂದು ನಾನು ಹೇಳಲಾರೆ, ನೋವಿದೆ. ಆದರೆ ಬಡಕಲು ತಾಯಿಯನ್ನು ಹಿಮಪಾತಕ್ಕೆ ಒಪ್ಪಿಸುವುದರಲ್ಲಿ ಇನ್ನೂ ಹೆಚ್ಚಿನ ನೋವಿದೆ. ನೋವನ್ನು ಪೂರ್ತಿ ಇಲ್ಲವಾಗಿಸಲು ಬಾರದಿದ್ದರೂ ತಗ್ಗಿಸಲು ನಮಗೆ ದಾರಿಗಳು ಗೊತ್ತಿವೆ. ಗೊತ್ತಿದ್ದೂ ಅನುಸರಿಸದಿರುವುದನ್ನು ನಾನು ಕ್ರೌರ್ಯ ಎನ್ನುತ್ತೇನೆ.

ನೀರಿನ ವಿಷಯದಲ್ಲಿ ಏನು ಎಚ್ಚರಿಕೆ ಬೇಕು?

ಹೊಳೆಯ ನೀರು ಕುಡಿದು ಬೆಳೆದ ಕರುವಿಗೆ ತೊಟ್ಟಿಯೊಳಗೆ ನೀರಿದೆ ಎಂಬುದೇ ತಿಳಿಯುವುದಿಲ್ಲ. ಬಾಯಾರಿದರೂ ಬೇಲಿಯುದ್ದಕ್ಕೂ ನಡೆಯುತ್ತಲೇ ಇರುತ್ತದೆ. ಸ್ಯಾಂಡ್‌ಹಿಲ್ಸ್‌ನಲ್ಲಿ ಇಂದಿಗೂ ಗಾಳಿಯಂತ್ರಗಳು ನೆಲದಡಿಯ ನೀರನ್ನೆತ್ತಿ ದುಂಡನೆಯ ತೊಟ್ಟಿಗಳಿಗೆ ಸುರಿಯುತ್ತವೆ. ಆ ನೀರು ಬೀಳುವ ಸದ್ದೇ ಕರುಗಳನ್ನು ಕರೆಯುತ್ತದೆ. ಬೇರೆ ಬಗೆಯ ತೊಟ್ಟಿಯಾದರೆ ಮೊದಲ ದಿನಗಳಲ್ಲಿ ನಲ್ಲಿಯನ್ನು ಸ್ವಲ್ಪ ಬಿಟ್ಟು ತುಂಬಿ ಹರಿಯಲು ಬಿಡಿ, ತೊಟ್ಟಿಯನ್ನು ಬೇಲಿಯ ಪಕ್ಕದಲ್ಲೇ ಇಡಿ, ಏಕೆಂದರೆ ಕರು ನಡೆಯುವುದು ಅಲ್ಲೇ. ತಂಪು ಹವೆಯಲ್ಲಿ 250 ಕಿಲೋದ ಕಡಸಿಗೆ ದಿನಕ್ಕೆ ಸುಮಾರು 20 ಲೀಟರ್ ನೀರು ಬೇಕು. ಬೆಳಗ್ಗೆ ಮತ್ತು ಸಂಜೆ ಮಂಜುಗಡ್ಡೆ ಒಡೆಯುವುದನ್ನು ತಪ್ಪಿಸಬೇಡಿ. ನೀರು ಕುಡಿಯದ ಕರು ಮೇವನ್ನೂ ಬಿಡುತ್ತದೆ.

ಮೊದಲ ವಾರ ಏನು ತಿನ್ನಿಸಬೇಕು?

ಅವಕ್ಕೆ ಗುರುತಿರುವುದನ್ನು: ಉದ್ದೆಳೆಯ, ಬೂಷ್ಟು ಹಿಡಿಯದ, ಧೂಳಿಲ್ಲದ ಒಣಹುಲ್ಲು. ಮೊದಲ ದಿನಗಳಲ್ಲಿ ಕರು ತನ್ನ ತೂಕದ ನೂರಕ್ಕೆ ಒಂದು, ಒಂದೂವರೆ ಪಾಲಿನಷ್ಟೇ ಮೇಯುತ್ತದೆ. ಎರಡು ಮೂರು ವಾರ ಕಳೆದ ಮೇಲೆ ಅದು ಎರಡೂವರೆಗೆ ಏರುತ್ತದೆ. ಹೊಟ್ಟೆಗೆ ಹೋಗುವುದೇ ಅಷ್ಟು ಕಡಿಮೆಯಿರುವಾಗ ಹೋದದ್ದರಲ್ಲಿ ಸತ್ವವಿರಬೇಕು, ಆದ್ದರಿಂದ ಪ್ರೋಟೀನ್ ನೂರಕ್ಕೆ 12ರಿಂದ 14 ಇರುವಂತೆ ಹಿಂಡಿಯನ್ನು ನಿಧಾನವಾಗಿ ಸೇರಿಸುತ್ತ ಹೋಗಿ. ಎಲ್ಲ ಕಡಸುಗಳೂ ಒಟ್ಟಿಗೆ ತಲೆಯಿಟ್ಟು ತಿನ್ನಲು ತಲಾ 45 ಸೆಂಟಿಮೀಟರ್ ಗೋದಲಿ ಬೇಕು. ಜಾಗ ಸಾಲದಿದ್ದರೆ ಅಂಜುಬುರುಕ ಕಡಸು ಉಪವಾಸ ಬೀಳುತ್ತದೆ. ತಿನ್ನಲು ಬಲ್ಲ ಒಂದು ಮುದಿ ಹಸುವನ್ನು ಗುಂಪಿಗೆ ಬಿಟ್ಟರೆ, ಅದು ಗೋದಲಿಗೆ ನಡೆದಾಗ ಇವೂ ಹಿಂಬಾಲಿಸುತ್ತವೆ.

ರಕ್ತಭೇದಿ ತರುವ ಕಾಕ್ಸಿಡಿಯಾ ತಡೆಯಲು ಮೇವಿನಲ್ಲಿ ಮೊನೆನ್ಸಿನ್ ಬೆರೆಸುವುದುಂಟು. ದನಕ್ಕೆ ಸರಿಯಾದ ಪ್ರಮಾಣದಲ್ಲಿ ಹಿತವಾದ ಈ ಔಷಧ ಕುದುರೆಗೆ ಪ್ರಾಣಾಂತಿಕ ವಿಷ. ಕುದುರೆಗಳಿರುವ ರ‍್ಯಾಂಚಿನಲ್ಲಿ ಆ ಮೇವಿನ ಚೀಲಕ್ಕೂ ಬಕೆಟ್ಟಿಗೂ ಬೇರೆಯದೇ ಜಾಗವಿರಲಿ.

ಚಳಿಗಾಲವಿಡೀ ಎಷ್ಟು ತೂಕ ಏರಬೇಕು?

ಲೆಕ್ಕ ಹಿಂದಿನಿಂದ ಹಾಕಬೇಕು. ನಿಮ್ಮ ಮಂದೆಯ ಬಲಿತ ಹಸು 590 ಕಿಲೋ ತೂಗುತ್ತದೆ ಎನ್ನೋಣ. ಹೋರಿ ಬಿಡುವಾಗ ಕಡಸು ಅದರ ನೂರಕ್ಕೆ 60ರಷ್ಟು, ಅಂದರೆ 354 ಕಿಲೋ ಮುಟ್ಟಬೇಕು ಎಂದುಕೊಂಡರೆ, ನವೆಂಬರ್ 10ರಂದು 250 ಕಿಲೋ ಇದ್ದದ್ದು ಜೂನ್ 1ರೊಳಗೆ 104 ಕಿಲೋ ಏರಬೇಕು. ದಿನಕ್ಕೆ ಅರ್ಧ ಕಿಲೋಗಿಂತ ತುಸು ಹೆಚ್ಚು, ಅಷ್ಟೇ. ವಾಡಿಕೆಯ ಗುರಿ ನೂರಕ್ಕೆ 55ರಿಂದ 65. ಆದರೆ ಸ್ಯಾಂಡ್‌ಹಿಲ್ಸ್‌ನಲ್ಲೇ ನೆಬ್ರಾಸ್ಕಾ ವಿಶ್ವವಿದ್ಯಾಲಯದವರು ನಡೆಸಿದ ಪ್ರಯೋಗಗಳಲ್ಲಿ, 50ರಿಂದ 57ರಷ್ಟಕ್ಕೆ ಬೆಳೆಸಿದ ಕಡಸುಗಳೂ ತೃಪ್ತಿಕರವಾಗಿ ಗಬ್ಬ ಕಟ್ಟಿವೆ, ಮೇವಿನ ಖರ್ಚೂ ಇಳಿದಿದೆ. ಅತಿಯಾಗಿ ತಿನ್ನಿಸಿ ಕೊಬ್ಬಿಸಿದರೆ ಕೆಚ್ಚಲಿನಲ್ಲಿ ಕೊಬ್ಬು ಕೂತು ಮುಂದೆ ಹಾಲು ಕಡಿಮೆಯಾಗುತ್ತದೆ. ಹೊಳೆಯುವ ದುಂಡು ಕಡಸನ್ನು ಕಂಡು ಖುಷಿಪಡುವ ಮೊದಲು ಇದನ್ನು ನೆನೆಯಿರಿ.

ಲಸಿಕೆಗಳನ್ನು ಯಾವಾಗ ಹಾಕಿಸಬೇಕು?

ಶ್ವಾಸಕೋಶದ ರೋಗಗಳ ಲಸಿಕೆ ಮತ್ತು ಚಪ್ಪೆರೋಗದ ಗುಂಪಿನ ಲಸಿಕೆಗಳನ್ನು ಹಾಲು ಬಿಡಿಸುವ ಎರಡರಿಂದ ನಾಲ್ಕು ವಾರ ಮೊದಲೇ, ಕರು ತಾಯಿಯ ಜೊತೆ ನೆಮ್ಮದಿಯಾಗಿರುವಾಗ ಹಾಕಿಸಿ. ಎರಡನೆಯ ಡೋಸ್ ಬೇಕಾದ ಲಸಿಕೆಗಳಿಗೆ ಪಶುವೈದ್ಯರು ಹೇಳಿದ ಅಂತರ ಪಾಲಿಸಿ. ಉಳಿಸಿಕೊಳ್ಳುವ ಕಡಸಿಗಷ್ಟೇ ಸಂಬಂಧಿಸಿದ ಇನ್ನೊಂದು ಲಸಿಕೆ ಕಂದು ಹಾಕಿಸುವ ಬ್ರೂಸೆಲ್ಲಾ ರೋಗದ್ದು. ಅಮೆರಿಕದಲ್ಲಿ ಆರ್‌ಬಿ51 ಲಸಿಕೆಯನ್ನು 4ರಿಂದ 12 ತಿಂಗಳ ಹೆಣ್ಣುಗರುಗಳಿಗೆ ಮಾನ್ಯತೆ ಪಡೆದ ಪಶುವೈದ್ಯರೇ ಹಾಕಿ, ಕಿವಿಗೆ ಹಚ್ಚೆ ಒತ್ತುತ್ತಾರೆ. ಎಲ್ಕ್ ಜಿಂಕೆಗಳಲ್ಲೂ ಬೈಸನ್ ಎಂಬ ಅಲ್ಲಿನ ಕಾಡೆಮ್ಮೆಗಳಲ್ಲೂ ಈ ರೋಗ ಇನ್ನೂ ಉಳಿದಿರುವ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಮೊಂಟಾನಾ, ವಯೋಮಿಂಗ್, ಐಡಹೊ ಪ್ರದೇಶಗಳಲ್ಲಿ ಇದಕ್ಕೆ ವಿಶೇಷ ಮಹತ್ವವಿದೆ. ಭಾರತದಲ್ಲಿ 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಇದೇ ರೋಗದ ಲಸಿಕೆ ಹಾಕುತ್ತಾರೆ. ಮನುಷ್ಯರಿಗೂ ಅಂಟುವ ರೋಗವಿದು. ನಮ್ಮಲ್ಲಿ ಯಾರೂ ಆ ದಿನ ಕರುವನ್ನು ಬಚ್ಚಿಡಬಾರದು.

ಎಷ್ಟು ಚಳಿಯನ್ನು ಕಡಸು ತಡೆಯುತ್ತದೆ? ಹಿಮಪಾತದ ಮುನ್ಸೂಚನೆಯಿದ್ದರೆ?

ಚಳಿಗಿಂತ ಒದ್ದೆ ಅಪಾಯ. ಒಣಗಿದ ಚಳಿಗಾಲದ ರೋಮವಿದ್ದರೆ ಸುಮಾರು ಸೊನ್ನೆ ಡಿಗ್ರಿ ಸೆಲ್ಸಿಯಸ್‌ವರೆಗೆ, ದಟ್ಟ ರೋಮವಿದ್ದರೆ ಸೊನ್ನೆಗಿಂತ ಎಂಟು ಡಿಗ್ರಿ ಕೆಳಗಿನವರೆಗೆ ದನಕ್ಕೆ ಮೈ ಬೆಚ್ಚಗಿಡಲು ಹೆಚ್ಚಿನ ಮೇವು ಬೇಡ. ಅದೇ ರೋಮ ನೆನೆದರೆ 15 ಡಿಗ್ರಿಯಲ್ಲೇ ಅದು ಚಳಿಗೆ ಸೋಲತೊಡಗುತ್ತದೆ. 2013ರ ಅಕ್ಟೋಬರ್ ಮೊದಲ ವಾರ ಪಕ್ಕದ ಸೌತ್ ಡಕೋಟಾದ ಪಶ್ಚಿಮ ಭಾಗದಲ್ಲಿ ಅಟ್ಲಾಸ್ ಎಂದು ಹೆಸರಾದ ಬಿರುಗಾಳಿ ಮೊದಲು ಮಳೆ ಸುರಿಸಿ ಆಮೇಲೆ ಹಿಮ ಸುರಿಸಿತು. ದನಗಳಿಗೆ ಚಳಿಗಾಲದ ರೋಮ ಇನ್ನೂ ಬಂದಿರಲಿಲ್ಲ, ಅವು ಮರೆಯಿಲ್ಲದ ಬೇಸಿಗೆ ಹುಲ್ಲುಗಾವಲುಗಳಲ್ಲೇ ಇದ್ದವು. ಸಾವಿರಾರು ದನಗಳು ಸತ್ತವು.

ಆದ್ದರಿಂದ ಮುಂದಿನ ಐದು ದಿನದ ಹವಾಮಾನ ನೋಡದೆ ಹಾಲು ಬಿಡಿಸಬೇಡಿ. ಮಳೆ ಅಥವಾ ಹಸಿಹಿಮದ ಸೂಚನೆಯಿದ್ದರೆ ಕೂಲಿಯವರಿಗೆ ಹೇಳಿ ಕಳುಹಿಸಿದ್ದರೂ ಸರಿ, ಕೆಲಸ ಮುಂದೂಡಿ. ಗಾಳಿಗೆ ಮರೆಯಾಗಿ ಮರದ ಸಾಲೋ ಹಲಗೆಯ ಗೋಡೆಯೋ ಇರುವ ಕಡೆಗೇ ಕಡಸುಗಳನ್ನು ತನ್ನಿ, ಒಣಗಿದ ಮಲಗುದಾಣವಿರಲಿ.

ರೋಗ ಬರುತ್ತಿದೆ ಎಂದು ಹೇಗೆ ತಿಳಿಯುವುದು?

ಮೂರನೆಯ ದಿನದಿಂದ ಎರಡನೆಯ ವಾರದ ಕೊನೆಯವರೆಗೆ ದಿನಕ್ಕೆ ಎರಡು ಸಲ ಗುಂಪಿನ ನಡುವೆ ನಿಧಾನವಾಗಿ ನಡೆಯಿರಿ. ಎಲ್ಲವೂ ಗೋದಲಿಗೆ ಬಂದಾಗ ಹಿಂದೆ ಉಳಿಯುವ ಕಡಸು, ಜೋತ ಕಿವಿ, ಬತ್ತಿದ ಪಕ್ಕೆ, ಮೂಗಿನ ಸುಂಬಳವನ್ನು ನಾಲಿಗೆಯಿಂದ ನೆಕ್ಕಿಕೊಳ್ಳದಿರುವುದು ಮೊದಲ ಗುರುತುಗಳು. ಕೆಮ್ಮು ಆಮೇಲೆ ಬರುತ್ತದೆ. ಜ್ವರ 40 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಅಂದೇ ಪಶುವೈದ್ಯರನ್ನು ಕರೆಯಿರಿ. 2023ರ ಜೂನ್‌ನಿಂದ ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೂ ಮುಖ್ಯವಾದ ಆ್ಯಂಟಿಬಯೋಟಿಕ್‌ಗಳು ಪಶುವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುವುದಿಲ್ಲ, ಆದ್ದರಿಂದ ವೈದ್ಯರ ಜೊತೆ ಮೊದಲೇ ಮಾತಾಡಿಟ್ಟಿರಬೇಕು.

ನಾನು ಹೋದ ಮೊದಲ ವರ್ಷ ನಾವು ಬೇರ್ಪಡಿಸುವುದು, ಲಸಿಕೆ, ಲಾರಿ ಮೂರನ್ನೂ ಒಂದೇ ದಿನ ಮುಗಿಸಿದೆವು. ಆ ರಾತ್ರಿ ಹಸಿಹಿಮ ಬಿತ್ತು. ಆರನೆಯ ದಿನ ಬೆಳಗ್ಗೆ ಕಿವಿ ಜೋತ ಕಡಸುಗಳನ್ನು ಎಣಿಸಿದಾಗ ಹನ್ನೊಂದಿದ್ದವು, ಅವುಗಳಲ್ಲಿ ಎರಡು ಉಳಿಯಲಿಲ್ಲ. ಒಂದು ದಿನದ ಕೂಲಿ ಉಳಿಸಲು ಮಾಡಿದ ಕೆಲಸವದು. ಮೇಲೆ ಎರಡು ಮೂರು ಕಡೆ ನಾನು ಒಂದೇ ಮಾತನ್ನು ಒತ್ತಿ ಹೇಳಿರುವುದು ಆ ಬೆಳಗಿನ ಕಾರಣಕ್ಕೆ.

ಹಾಲು ತುಂಬಿದ ತಾಯಿಯ ಕೆಚ್ಚಲನ್ನು ಕರೆದು ಖಾಲಿ ಮಾಡಬೇಕೇ?

ಬೇಡ. ಕರೆದರೆ ಮತ್ತೆ ತೊರೆಬಿಡುತ್ತದೆ. ಬಿಗಿದ ಕೆಚ್ಚಲಿನ ಒತ್ತಡವೇ ಹಾಲನ್ನು ಬತ್ತಿಸುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಹೋಲುವ ಪದ್ಧತಿ ಇತ್ತೇ?

ಹಿಮವಿಲ್ಲದಿದ್ದರೂ ಇತ್ತು. ಮೈಸೂರು ಅರಸರ ಬೆಣ್ಣೆ ಚಾವಡಿಯಾಗಿ ಹುಟ್ಟಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂದು ಹೆಸರಾದ ಮಂದೆಗಳಿಗೆ ಮಳೆಗಾಲಕ್ಕೆ, ಚಳಿಗಾಲಕ್ಕೆ, ಬೇಸಿಗೆಗೆ ಬೇರೆ ಬೇರೆ ಕಾವಲುಗಳು, ಅಂದರೆ ಮೀಸಲು ಹುಲ್ಲುಗಾವಲುಗಳು ಇದ್ದವು. ಹುಲ್ಲು ನೀರು ನೋಡಿ ಮಂದೆ ಹೊರಡುತ್ತಿತ್ತು. ಚಿಕ್ಕಮಗಳೂರು, ಚಿತ್ರದುರ್ಗ, ಹಾಸನ, ತುಮಕೂರು ಕಡೆಗಳಲ್ಲಿ ಈ ಕಾವಲುಗಳ ಹೆಸರು ಇನ್ನೂ ಬಳಕೆಯಲ್ಲಿದೆ, ಅಜ್ಜಂಪುರದಲ್ಲಿ ತಳಿಯ ಕೇಂದ್ರವಿದೆ. ಮೊದಲೇ ಗೊತ್ತಿರುವ ನೆಲಕ್ಕೆ, ಸರಿಯಾದ ಕಾಲಕ್ಕೆ, ನಡೆಸಿಕೊಂಡು ಹೋಗುವ ವಿಚಾರದಲ್ಲಿ ಎರಡೂ ಕಡೆಯ ತಿಳಿವಳಿಕೆ ಒಂದೇ.

ಹಾಲು ಬಿಡಿಸುವುದು ಮುಗಿಯಿತೆಂದು ಯಾವಾಗ ಹೇಳಬಹುದು? ಚಳಿಗಾಲದ ಹುಲ್ಲುಗಾವಲಿಗೆ ಯಾವಾಗ ಬಿಡಬೇಕು?

ಒಂದು ವಾರದ ನಂತರ ಹಸುಗಳನ್ನು ದೂರದ ಹುಲ್ಲುಗಾವಲಿಗೆ ಒಯ್ಯಬಹುದು. ಕಡಸುಗಳಿಗೆ ಕನಿಷ್ಠ 45 ದಿನ ಕೊಡಿ ಎಂಬುದು ನನ್ನ ಸಲಹೆ; ಕರು ಕೊಳ್ಳುವ ವ್ಯಾಪಾರಿಗಳು ಕೂಡ ಹಾಲು ಬಿಟ್ಟು 45 ದಿನವಾದ ಕರುಗಳಿಗೆ ಹೆಚ್ಚಿನ ಬೆಲೆ ಕೊಡುವುದುಂಟು. ಆ ಹೊತ್ತಿಗೆ ಎರಡನೆಯ ಲಸಿಕೆ ಮುಗಿದಿರುತ್ತದೆ, ಕೆಮ್ಮು ನಿಂತಿರುತ್ತದೆ, ಗೋದಲಿಯ ಬಳಿ ನೂಕಾಟ ಇಳಿದಿರುತ್ತದೆ. ಬೀಜ ಒಡೆಯದ ಗಂಡುಗರು ಒಂದೂ ಗುಂಪಿನಲ್ಲಿ ಉಳಿದಿಲ್ಲವೆಂದು ಮತ್ತೊಮ್ಮೆ ಎಣಿಸಿ ನೋಡಿ, ಏಕೆಂದರೆ ಬೇಗ ಬೆದೆಗೆ ಬರುವ ಕಡಸು ಎಂಟು ತಿಂಗಳಿಗೇ ಗಬ್ಬ ಕಟ್ಟಿದರೆ ಈಯುವಾಗ ತಾಯಿ–ಕರು ಎರಡಕ್ಕೂ ಕುತ್ತು. ಅದಾದ ಮೇಲೆ ಗಾಳಿಯಿಲ್ಲದ ಒಂದು ಒಣ ದಿನ ನೋಡಿ, ಮಧ್ಯಾಹ್ನದ ಹೊತ್ತಿಗೆ ಗೇಟು ತೆರೆದು, ಆ ಮುದಿ ಹಸುವನ್ನು ಮುಂದೆ ಬಿಡಿ.